ಕೂಡುನದಿಗಳ ನೀರು ಬೆರೆಯುವ ಬಗೆ

ಸಂಗಮವೆಂದೊಡನೆ ಎರಡು ನದಿಗಳೂ ಅಲ್ಲಿಯೇ ಒಂದಾದುವೆಂದು ನಾವು ಭಾವಿಸುತ್ತೇವೆ. ಹೆಸರು ಒಂದಾಗುವುದೇನೋ ನಿಜ. ನೀರು ಅಷ್ಟು ಬೇಗ ಒಂದಾಗುವುದಿಲ್ಲ. ಅಗಲವಾದ ಪಾತ್ರದಲ್ಲಿ ಎರಡು ಪ್ರವಾಹಗಳು ತಂತಮ್ಮ ದಡವನ್ನು ಹಿಡಿದು ಹಲವು ಕಿಲೋಮೀಟರು ಜೊತೆಯಾಗಿ ಸಾಗುವುದುಂಟು.

ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಭದ್ರೆಯರು ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತಾರೆ. ಸಾಗರ ತಾಲ್ಲೂಕಿನಲ್ಲಿ ಹುಟ್ಟುವ ವರದೆಯು ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಎಡದಿಂದ ಅದನ್ನು ಕೂಡುತ್ತದೆ. ಮುಂದೆ ಈ ನದಿಯು ಶಿರಹಟ್ಟಿ, ಮುಂಡರಗಿಗಳ ಸೀಮೆಯ ದಕ್ಷಿಣದ ಅಂಚಿನಲ್ಲಿ ಹರಿಯುತ್ತದೆ. ಗದಗ-ಬೆಟಗೇರಿಗೆ ಕುಡಿಯುವ ನೀರನ್ನೊದಗಿಸುವುದೂ ಇದೇ ನದಿ. ಈ ಊರುಗಳೆಲ್ಲ ಎಡದಡದ ಕಡೆಯವು. ಒಂದು ನದಿಗೆ ಸೇರಿದ ಕಶ್ಮಲವು ಬೆರಕೆ ಪೂರ್ಣವಾಗುವ ಮುನ್ನ ಒಂದೇ ದಡದಲ್ಲಿ ದಟ್ಟವಾಗಿರುವುದರಿಂದ, ವರದೆಯ ನೀರು ಎಲ್ಲಿಯವರೆಗೆ ಬೇರೆಯಾಗಿ ಉಳಿಯುತ್ತದೆಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ನೀರಿನ ಬಣ್ಣವನ್ನು ನಂಬುವಂತಿಲ್ಲ, ಹೂಳು ತಳಕ್ಕಿಳಿಯುತ್ತದೆ. ಕರಗಿದ ಲವಣಗಳೂ ದಾರಿಯಲ್ಲಿ ಮಾರ್ಪಡಬಹುದು. ಆದರೆ ಸಮಸ್ಥಾನಿಗಳು, ಎಂದರೆ ಐಸೊಟೋಪುಗಳು, ನೀರಿನ ಕಣದಲ್ಲಿಯೇ ಇರುವ ಗುರುತು. ಸುಮಾರು 500 ಆಮ್ಲಜನಕ ಪರಮಾಣುಗಳಲ್ಲಿ ಒಂದು 18 ತೂಕದ್ದು. ಉಳಿದವು ಬಹುಮಟ್ಟಿಗೆ 16 ತೂಕದವು. ಆವಿಯಾಗುವಾಗ ಹಗುರ ಕಣಗಳು ಮೊದಲು ಹೋಗುತ್ತವೆ; ಮಳೆಯಾಗುವಾಗ ಭಾರವಾದುವು ಮೊದಲು ಬೀಳುತ್ತವೆ. ಆದುದರಿಂದ ಎತ್ತರದ ಮಳೆ ಹಗುರ, ಕೆರೆ ಜಲಾಶಯಗಳಲ್ಲಿ ಬಿಸಿಲುಂಡ ನೀರು ಭಾರ. ಮಳೆನೀರಿನಲ್ಲಿ ಭಾರವಾದ ಜಲಜನಕಕ್ಕೂ ಆಮ್ಲಜನಕಕ್ಕೂ ಇರುವ ನಿಯತ ಸಂಬಂಧವನ್ನು 1961ರಲ್ಲಿ ಹಾರ್ಮನ್ ಕ್ರೇಗ್ ತೋರಿಸಿದರು. ಆವಿಯಾಗಿ ಉಳಿದ ನೀರು ಆ ರೇಖೆಯಿಂದ ಸರಿಯುತ್ತದೆ.

ಲೆಕ್ಕವು ಸರಳ. ಗೊತ್ತಾದ ಮಾನಕಕ್ಕಿಂತ ಎಷ್ಟು ಹೆಚ್ಚುಕಡಮೆಯೆಂಬುದನ್ನು ಸಾವಿರಕ್ಕೆ ಇಷ್ಟೆಂದು ಹೇಳುವರು. ಉದಾಹರಣೆಗಾಗಿ ಒಂದು ನದಿಯ ಬೆಲೆ −2, ಇನ್ನೊಂದರದು −4, ಕೂಡಿದ ನೀರಿನದು −3.5 ಎಂದಿರಲಿ. ಆಗ ಎರಡನೆಯದರ ಪಾಲು ಮುಕ್ಕಾಲು, ಮೊದಲನೆಯದರದು ಕಾಲು.

ಸಂಗಮದ ಮೇಲೆ ಎರಡು ನದಿಗಳಿಂದಲೂ, ಕೆಳಗೆ ಹಲವು ಕಡೆ ಎಡದಡ, ನಡುನೀರು, ಬಲದಡಗಳಿಂದಲೂ ಮಾದರಿಗಳನ್ನು ತೆಗೆಯಬೇಕು. ಮೂರರ ಬೆಲೆಯೂ ಒಂದಾದೆಡೆ ಬೆರಕೆ ಪೂರ್ಣವಾಯಿತೆಂದರ್ಥ. ಸೀಸೆಯನ್ನು ಬಾಯಿಮಟ್ಟ ತುಂಬಿ ಬಿಗಿಯಾಗಿ ಮುಚ್ಚಬೇಕು. ಇಲ್ಲವಾದರೆ ಸೀಸೆಯೊಳಗಿನ ಆವಿಯೇ ಲೆಕ್ಕವನ್ನು ಕೆಡಿಸೀತು.

ಒಂದು ನಿಬಂಧನೆಯುಂಟು. ಮೂಲದ ನೀರುಗಳೆರಡೂ ಭಿನ್ನವಾಗಿರದಿದ್ದರೆ ಈ ವಿಧಾನವು ಮೂಕವಾಗುತ್ತದೆ. ತುಂಗೆ ಭದ್ರೆ ವರದೆಯರೆಲ್ಲರೂ ಸಹ್ಯಾದ್ರಿಯ ಮಳೆಯಿಂದಲೇ ತುಂಬುವವರು; ತುಂಬುಹೊಳೆಯಲ್ಲಿ ಅವರ ನೀರಿನ ಭೇದ ಅತ್ಯಲ್ಪವಾಗಿರಬಹುದು. ಮಳೆ ಹಿಂದೆಗೆದು ಎರಡೂ ನದಿಗಳು ಇನ್ನೂ ಹರಿಯುತ್ತಿರುವಾಗ, ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು ಬಂದ ಭದ್ರೆಯ ನೀರು ತನ್ನ ಗುರುತನ್ನು ತೋರುವ ಸಂಭವ ಹೆಚ್ಚು. ಅಳೆಯಬೇಕಾದ ಕಾಲ ಅದು.