ಐಸ್‌ಲೆಂಡಿನ ಆನುವಂಶಿಕ ಪಾರ್ಶ್ವವಾಯು: ವಂಶಾವಳಿಗಳು ನುಡಿಯುವ ಸಾಕ್ಷ್ಯ

ಪಾರ್ಶ್ವವಾಯು ವೃದ್ಧಾಪ್ಯಕ್ಕೆ ಸಂಬಂಧಿಸಿದ ರೋಗವೆಂದೂ, ವಂಶದಿಂದ ಬಂದ ರೋಗವು ತಿದ್ದಲಾಗದ ಹಣೆಬರಹವೆಂದೂ ಜನಸಾಮಾನ್ಯರಲ್ಲಿ ನಂಬಿಕೆಯುಂಟು. ಇವೆರಡನ್ನೂ ಪುನಃ ಪರಿಶೀಲಿಸುವಂತೆ ಮಾಡುವ ಒಂದು ರೋಗ ಐಸ್‌ಲೆಂಡ್ ದ್ವೀಪದಲ್ಲಿದೆ. ಅಲ್ಲಿಯ ಕೆಲವು ಮನೆತನಗಳಲ್ಲಿ, ರಕ್ತದ ಒತ್ತಡ ಸಹಜವಾಗಿಯೇ ಇರುವ ಯುವಕ ಯುವತಿಯರು ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಮೆದುಳಿನ ರಕ್ತಸ್ರಾವಕ್ಕೆ ತುತ್ತಾಗುತ್ತಾರೆ. ಇದು ವೈದ್ಯಶಾಸ್ತ್ರದ ವಿಷಯ, ಇತಿಹಾಸದ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಈ ರೋಗದ ಬಗ್ಗೆ ತಿಳಿದುಬಂದಿರುವ ಅತ್ಯಂತ ಮಹತ್ವದ ಸಂಗತಿಯೊಂದು ಕೇವಲ ಪ್ರಯೋಗಶಾಲೆಯಿಂದ ದೊರೆತದ್ದಲ್ಲ. ಚರ್ಚಿನ ದಾಖಲೆಪುಸ್ತಕಗಳೂ ವಂಶಾವಳಿಗಳೂ ಇಲ್ಲದಿದ್ದರೆ ಅದು ಬೆಳಕಿಗೆ ಬರುತ್ತಲೇ ಇರಲಿಲ್ಲ. ಆದುದರಿಂದ ಅದನ್ನು ಇಲ್ಲಿ ವಿವರಿಸುವುದು ಅಪ್ರಕೃತವಾಗಲಾರದು.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯಬೇಕು. ನಮ್ಮ ದೇಹದ ಜೀವಕೋಶಗಳು ಸಿಸ್ಟಾಟಿನ್-ಸಿ ಎಂಬ ಸಣ್ಣ ಸಸಾರಜನಕವೊಂದನ್ನು ತಯಾರಿಸುತ್ತವೆ. ಅದು 120 ಅಮೈನೋ ಆಮ್ಲಗಳ ಒಂದು ಸರಪಣಿ. ಸಸಾರಜನಕಗಳನ್ನು ಕತ್ತರಿಸುವ ಕೆಲವು ಕಿಣ್ವಗಳನ್ನು ಹದ್ದಿನಲ್ಲಿಡುವುದು ಅದರ ಕಾರ್ಯ. ಅದನ್ನು ರೂಪಿಸುವ ಜೀನು 20ನೆಯ ವರ್ಣತಂತುವಿನಲ್ಲಿದೆ. ಮೇಲೆ ಹೇಳಿದ ಮನೆತನಗಳಲ್ಲಿ ಸರಪಣಿಯ 68ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದೆಡೆ ಗ್ಲುಟಮೀನ್ ಬಂದು ಸೇರಿದೆ. ಶಾಸನದಲ್ಲಿ ಒಂದಕ್ಷರ ತಪ್ಪಿ ಕೊರೆದಂತಹ ಈ ದೋಷದ ಫಲವಾಗಿ ಸಸಾರಜನಕದ ಕಣಗಳು ತಮ್ಮ ಆಕಾರವನ್ನು ಉಳಿಸಿಕೊಳ್ಳಲಾರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಮಿಲಾಯ್ಡ್ ಎಂಬ ಕರಗದ ವಸ್ತುವಾಗಿ ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಗಳಲ್ಲಿ ಶೇಖರವಾಗುತ್ತವೆ. ಗೋಡೆ ಶಿಥಿಲವಾಗಿ ಒಡೆದಾಗ ರಕ್ತಸ್ರಾವವಾಗುತ್ತದೆ. ಮೊದಲ ಆಘಾತದಿಂದ ಬದುಕುಳಿದವರನ್ನೂ ಮುಂದಿನ ಆಘಾತಗಳು ಕಾಡುತ್ತವೆ. ಒಂದೊಂದು ಸಲವೂ ಕೈಕಾಲುಗಳ ಶಕ್ತಿ, ಮಾತು, ನೆನಪು ಕುಂದುತ್ತ ಹೋಗುತ್ತವೆ. ತಾಯಿ ತಂದೆಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಎರಡರಲ್ಲಿ ಒಂದು.

ಈ ರೋಗವನ್ನು ಮೊದಲು ಶಾಸ್ತ್ರೀಯವಾಗಿ ಗುರುತಿಸಿದವನು ಆರ್ನಿ ಆರ್ನಾಸನ್ ಎಂಬ ವೈದ್ಯ. ಪಶ್ಚಿಮ ಐಸ್‌ಲೆಂಡಿನ ಬ್ರೆಯ್ದಾಫ್ಯೋರ್ದುರ್ ಕೊಲ್ಲಿಯ ಸುತ್ತಿನ ಕೆಲವು ಮನೆತನಗಳಲ್ಲಿ ಎಳೆಯ ಪ್ರಾಯದವರು ಪಾರ್ಶ್ವವಾಯುವಿಗೆ ಬಲಿಯಾಗುತ್ತಿರುವುದನ್ನು ಆತ ಗಮನಿಸಿ, 1935ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ಅವನಿಗೆ ಜೀನಿನ ರಚನೆ ತಿಳಿದಿರಲಿಲ್ಲ. ಮನೆತನಗಳ ಮರಣವೃತ್ತಾಂತವೇ ಅವನ ಸಾಮಗ್ರಿ. ರಕ್ತನಾಳಗಳಲ್ಲಿ ಅಮಿಲಾಯ್ಡ್ ಇರುವುದನ್ನು 1972ರಲ್ಲಿ ಗುನ್ನಾರ್ ಗುದ್ಮುಂಡ್ಸನ್ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದರು. ಆ ವಸ್ತು ಸಿಸ್ಟಾಟಿನ್-ಸಿ ಎಂಬುದೂ, ಜೀನಿನಲ್ಲಿಯ ದೋಷ ಯಾವುದೆಂಬುದೂ 1980ರ ದಶಕದಲ್ಲಿ ಖಚಿತವಾದುವು.

ಇನ್ನು ಆಧಾರಗ್ರಂಥಗಳ ವಿಚಾರ. ಐಸ್‌ಲೆಂಡಿನಲ್ಲಿ 1703ರಲ್ಲಿ ನಡೆದ ಜನಗಣತಿಯು ಒಂದು ದೇಶದ ಸಮಸ್ತ ಜನರನ್ನೂ ಹೆಸರು ಹಿಡಿದು ಬರೆದಿಟ್ಟ ಅತಿ ಪ್ರಾಚೀನ ಗಣತಿಗಳಲ್ಲಿ ಒಂದು; ಅಂದಿನ ಜನಸಂಖ್ಯೆ 50,358. ಅನಂತರ 18ನೆಯ ಶತಮಾನದ ಮಧ್ಯಭಾಗದಿಂದ ಪಾದ್ರಿಗಳು ಜನನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡುತ್ತ ಬಂದರು. ಅಲ್ಲಿ ಕುಲನಾಮದ ಬಳಕೆ ವಿರಳ. ಮಗನು ತಂದೆಯ ಹೆಸರಿಗೆ 'ಸನ್' ಎಂದೂ ಮಗಳು 'ದೊಟ್ಟಿರ್' ಎಂದೂ ಸೇರಿಸಿಕೊಳ್ಳುತ್ತಾರೆ. ಹೀಗಾಗಿ ಹೆಸರೊಂದರಿಂದಲೇ ವಂಶವನ್ನು ಗುರುತಿಸಲಾಗದು. ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಲೇಬೇಕು. ಒಕ್ಕಲು ಮನೆತನಗಳ ಬಾಗಿಲಿಗೆ ಬಂದು ಅವುಗಳ ಪೀಳಿಗೆಗಳನ್ನು ಹೇಳುವ ನಮ್ಮ ಹೆಳವರನ್ನು ಬಲ್ಲ ವಾಚಕರಿಗೆ ವಂಶಾವಳಿಯ ಮೇಲಣ ಈ ಅಕ್ಕರೆ ಅಪರಿಚಿತವೆನಿಸದು.

ಈ ದಾಖಲೆಗಳನ್ನು ಆಧರಿಸಿ ಆಸ್ತ್ರಿದುರ್ ಪಾಲ್ಸ್‌ದೊಟ್ಟಿರ್, ಅಗ್ನಾರ್ ಹೆಲ್ಗಾಸನ್ ಮೊದಲಾದವರು 2008ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇಂದು ತಿಳಿದಿರುವ ರೋಗವಾಹಕರೆಲ್ಲರ ದೋಷವೂ ಸುಮಾರು 18 ತಲೆಮಾರುಗಳ ಹಿಂದೆ ಹುಟ್ಟಿದ ಒಬ್ಬ ಪೂರ್ವಜರಿಂದಲೇ ಬಂದದ್ದೆಂದು ಅವರು ತೋರಿಸಿದರು. ಅದಕ್ಕಿಂತ ವಿಸ್ಮಯಕರವಾದುದು ಮತ್ತೊಂದು ನಿರ್ಣಯ. 1825ರ ಸುಮಾರಿನಲ್ಲಿ ಹುಟ್ಟಿದ ವಾಹಕರು ಸರಾಸರಿ 65 ವರ್ಷ ಬದುಕಿದ್ದರು. ಅಲ್ಲಿಂದ 1900ರವರೆಗೆ ಹುಟ್ಟಿದವರಲ್ಲಿ ಆಯುಷ್ಯವು ಇಳಿಯುತ್ತ ಇಳಿಯುತ್ತ 30 ವರ್ಷಗಳ ಆಸುಪಾಸಿಗೆ ಬಂದು ನಿಂತಿತು. ಅದೇ ಕಾಲದಲ್ಲಿ ಇನ್ನೊಂದು ಭೇದವೂ ತಲೆದೋರಿತು: ತಾಯಿಯಿಂದ ದೋಷವನ್ನು ಪಡೆದವರು ತಂದೆಯಿಂದ ಪಡೆದವರಿಗಿಂತ ಸುಮಾರು 9 ವರ್ಷ ಮೊದಲೇ ತೀರಿಕೊಳ್ಳತೊಡಗಿದರು. ಜೀನು ಅದೇ, ಮನೆತನಗಳೂ ಅವೇ. ಮೊಮ್ಮಕ್ಕಳನ್ನು ಆಡಿಸಿ ಕಣ್ಣುಮುಚ್ಚಿದವರ ವಂಶದಲ್ಲಿ, ಮುಕ್ಕಾಲು ಶತಮಾನ ಕಳೆಯುವಷ್ಟರಲ್ಲಿ, ತೊಟ್ಟಿಲ ಮಕ್ಕಳನ್ನು ಬಿಟ್ಟು ಹೋಗುವ ತಾಯಂದಿರು ಕಾಣಿಸಿಕೊಂಡರು.

ಇಂತಹ ನಿರ್ಣಯವನ್ನು ಸ್ವೀಕರಿಸುವ ಮುನ್ನ ಆಧಾರಗಳ ವಿಮರ್ಶೆ ಅಗತ್ಯ. ಹಿಂದಿನ ಕಾಲದವರು ವಾಹಕರೆಂದು ನಮಗೆ ತಿಳಿಯುವುದು ಅವರ ಸಂತತಿಯಲ್ಲಿ ರೋಗ ಕಾಣಿಸಿಕೊಂಡದ್ದರಿಂದ ಮಾತ್ರ. ಮಕ್ಕಳಾಗುವ ಮೊದಲೇ ಸತ್ತವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾದರೆ ಹಿಂದಿನವರ ದೀರ್ಘಾಯುಷ್ಯ ಬರಿಯ ಭ್ರಮೆಯಾಗಿರಬಹುದೇ? ಈ ಸಂಶಯಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದಾಗಿ, ವಾಹಕರ ಆಯುಷ್ಯವನ್ನು ಅವರ ಪತಿ ಪತ್ನಿಯರ ಆಯುಷ್ಯದೊಡನೆ ಹೋಲಿಸಲಾಯಿತು. ಅವರೂ ಮಕ್ಕಳನ್ನು ಪಡೆದವರೇ, ಅದೇ ಸೂರಿನ ಕೆಳಗೆ ಬಾಳಿದವರೇ. ಅವರಲ್ಲಿ ಇಂತಹ ಇಳಿತ ಕಂಡುಬರಲಿಲ್ಲ. ಎರಡನೆಯದಾಗಿ, ಪರಸ್ಪರ ದೂರವಾಗಿ ಕವಲೊಡೆದ ಹಲವು ಶಾಖೆಗಳಲ್ಲಿ ಅದೇ ಅವಧಿಯಲ್ಲಿ ಅದೇ ಬದಲಾವಣೆ ತೋರಿಬಂದಿತು. ಆದುದರಿಂದ ಬದಲಾದದ್ದು ಜೀನಲ್ಲ, ಅದರ ಸುತ್ತಣ ಜೀವನವೆಂದೇ ಊಹಿಸಬೇಕಾಗುತ್ತದೆ.

ಆ ಜೀವನದಲ್ಲಿ ಬದಲಾದದ್ದಾದರೂ ಏನು? 19ನೆಯ ಶತಮಾನದವರೆಗೆ ಐಸ್‌ಲೆಂಡಿಗರ ಆಹಾರ ಮುಖ್ಯವಾಗಿ ಮೀನು, ಮಾಂಸ ಮತ್ತು ಹಾಲಿನ ಪದಾರ್ಥಗಳು. ಉಪ್ಪು ದುಬಾರಿಯಾದ್ದರಿಂದ ಮಾಂಸವನ್ನು ಹುಳಿ ಮಜ್ಜಿಗೆನೀರಿನಂತಹ ದ್ರವದಲ್ಲಿಟ್ಟು ಕಾಪಾಡುತ್ತಿದ್ದರು; ಮೀನನ್ನು ಗಾಳಿಗೆ ಒಣಗಿಸುತ್ತಿದ್ದರು. ಆ ಶತಮಾನದಲ್ಲಿ ವ್ಯಾಪಾರ ಬೆಳೆದಂತೆ ಹೊರನಾಡಿನ ಧಾನ್ಯ, ಸಕ್ಕರೆ, ಉಪ್ಪು ಮನೆಮನೆಗೂ ಬಂದುವು. ಈ ಆಹಾರಕ್ರಾಂತಿಯೇ ಕಾರಣವಿರಬಹುದೆಂದು ಸಂಶೋಧಕರು ಶಂಕಿಸಿದರು. ಇದು ಊಹೆಯೇ ಹೊರತು ಸಿದ್ಧಾಂತವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಕಾಲದಲ್ಲಿ ಜೊತೆಯಾಗಿ ನಡೆದ ಎರಡು ಘಟನೆಗಳಲ್ಲಿ ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಲು ಬೇರೆ ಪ್ರಮಾಣ ಬೇಕು.

ಈ ಜೀನಿನೊಡನೆ ಬಾಳುವವರ ಸ್ಥಿತಿಯನ್ನೂ ಇಲ್ಲಿ ಯೋಚಿಸಬೇಕು. ರಕ್ತದ ಪರೀಕ್ಷೆಯಿಂದ ಇಂದು ದೋಷವಿರುವುದನ್ನು ಮೊದಲೇ ತಿಳಿಯಬಹುದು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಮಗಳು ಪರೀಕ್ಷೆ ಮಾಡಿಸಿಕೊಳ್ಳಬೇಕೇ, ಮದುವೆಗೆ ಮುನ್ನ ತಿಳಿಸಬೇಕೇ, ಮಕ್ಕಳನ್ನು ಪಡೆಯಬೇಕೇ ಎಂಬ ಪ್ರಶ್ನೆಗಳನ್ನು ಇಪ್ಪತ್ತರ ಪ್ರಾಯದಲ್ಲೇ ಎದುರಿಸಬೇಕಾಗುತ್ತದೆ. ತಿಳಿದುಕೊಳ್ಳುವುದೂ ಭಾರ, ತಿಳಿಯದಿರುವುದೂ ಭಾರ. ವಂಶಾವಳಿಗಳು ಸುಲಭವಾಗಿ ದೊರೆಯುವ ಸಣ್ಣ ನಾಡಿನಲ್ಲಿ ಒಬ್ಬರ ವಿಷಯ ಒಬ್ಬರದಾಗಿಯೇ ಉಳಿಯುವುದಿಲ್ಲ. ದೇಶದ ಎಲ್ಲರ ಆರೋಗ್ಯ ದಾಖಲೆಗಳನ್ನು ಒಂದೆಡೆ ಕೂಡಿಸಲು 1998ರಲ್ಲಿ ಅಲ್ಲಿ ಕಾನೂನೊಂದು ಜಾರಿಗೆ ಬಂದಿತು. ಮೃತನಾದ ತಂದೆಯ ದಾಖಲೆಗಳನ್ನು ಅದರಲ್ಲಿ ಸೇರಿಸಕೂಡದೆಂದು ಮಗಳೊಬ್ಬಳು ನ್ಯಾಯಾಲಯಕ್ಕೆ ಹೋದಳು. ತಂದೆಯ ದಾಖಲೆಯಿಂದ ಮಗಳ ಆನುವಂಶಿಕ ಗುಣಗಳನ್ನೂ ಊಹಿಸಬಹುದಾದ ಕಾರಣ, ಅದನ್ನು ತಡೆಯಲು ಅವಳಿಗೆ ಹಕ್ಕುಂಟೆಂದು 2003ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಮೊಕದ್ದಮೆ ಈ ರೋಗವೊಂದಕ್ಕೇ ಸಂಬಂಧಿಸಿದುದಲ್ಲ. ಆದರೂ ಅದರ ತತ್ತ್ವವು ಇಂತಹ ಮನೆತನಗಳಿಗೆ ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ಮೃತರ ದಾಖಲೆಗಳನ್ನು ಓದುವ ನಾವು ಬದುಕಿರುವವರ ಗುಟ್ಟನ್ನೂ ಓದುತ್ತಿರಬಹುದೆಂಬ ಎಚ್ಚರ ಇತಿಹಾಸಕಾರನಿಗೂ ಬೇಕು.

ಆಶಾದಾಯಕವಾದ ಒಂದು ಸಂಗತಿಯೂ ಇದೆ. ಕಫವನ್ನು ಕರಗಿಸಲು ಬಹುಕಾಲದಿಂದ ಬಳಸುತ್ತಿರುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಅಗ್ಗದ ಔಷಧವು ಸಿಸ್ಟಾಟಿನ್-ಸಿಯ ಕಣಗಳು ಒಂದಕ್ಕೊಂದು ಅಂಟುವುದನ್ನು ತಗ್ಗಿಸುವುದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ವಾಹಕರ ಚರ್ಮದಲ್ಲಿಯೂ ಈ ವಸ್ತು ಶೇಖರವಾಗುವುದರಿಂದ ಚರ್ಮದ ತುಣುಕುಗಳನ್ನೇ ಪರೀಕ್ಷಿಸಲಾಯಿತು. ಔಷಧ ಸೇವಿಸಿದ ಆರು ಜನರಲ್ಲಿ ಐವರ ಚರ್ಮದಲ್ಲಿ ಶೇಖರಣೆ ಗಣನೀಯವಾಗಿ ಕಡಿಮೆಯಾಗಿತ್ತು. ಆರು ಜನರ ಪರೀಕ್ಷೆಯಿಂದ ರಕ್ತಸ್ರಾವ ತಪ್ಪುವುದೆಂದು ಹೇಳಲಾಗದು. ಆದರೂ ದೋಷ ಉಳಿದುಕೊಂಡೇ ಅದರ ಪರಿಣಾಮವನ್ನು ತಗ್ಗಿಸಲು ಸಾಧ್ಯವೆಂಬ ಭರವಸೆಗೆ ಪ್ರಯೋಗಶಾಲೆಯೂ ಒಂದು ಆಧಾರವನ್ನು ಒದಗಿಸಿತು. ಅಂತಹ ಭರವಸೆಗೆ ಮೊದಲ ಆಧಾರ 1825ರಲ್ಲಿ ಹುಟ್ಟಿ ಮುಪ್ಪಿನವರೆಗೆ ಬದುಕಿದ ರೈತರ ಹೆಸರುಗಳಲ್ಲಿ ಇದ್ದೇ ಇತ್ತು.

ಆ ಹೆಸರುಗಳನ್ನು ಬರೆದಿಟ್ಟ ಹಳ್ಳಿಯ ಪಾದ್ರಿಗಳಿಗೆ ತಮ್ಮ ಪುಸ್ತಕ ಮುಂದೊಂದು ದಿನ ಯಾರ ಆಯುಷ್ಯಕ್ಕೆ ನೆರವಾದೀತೆಂಬ ಕಲ್ಪನೆಯೂ ಇರಲಿಲ್ಲ. ನಮ್ಮ ತಾಲ್ಲೂಕು ಕಚೇರಿಗಳ ಹಳೆಯ ಜನನ ಮರಣ ರಿಜಿಸ್ಟರುಗಳನ್ನೂ ಹೆಳವರ ಕಡತಗಳನ್ನೂ ಗೆದ್ದಲಿಗೆ ಬಿಡದೆ ಕಾಪಾಡುವ ಕಾರ್ಯದಲ್ಲಿ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಜೋಡಿಸಿದರೆ, ಅದರ ಪ್ರಯೋಜನ ಇತಿಹಾಸಕ್ಕಷ್ಟೇ ಸೀಮಿತವಾಗಿರಲಾರದು.