ಶಿಕ್ಷಕರ ಪದವಿಯೂ ಮಕ್ಕಳ ಕಲಿಕೆಯೂ

(ಉನೈಜಾದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸ)



ನಮ್ಮ ಶುಕ್ರವಾರದ ಕನ್ನಡ ತರಗತಿಗೆ ಇಬ್ಬರು ಮುಂದೆ ಬಂದಿದ್ದಾರೆ. ಒಬ್ಬರು ಎಂ.ಎಡ್. ಪದವೀಧರರು, ಇನ್ನೊಬ್ಬರು ಕನ್ನಡ ಎಂ.ಎ. ಮಾಡಿ ಊರಿನಲ್ಲಿ ಆರು ವರ್ಷ ಪಾಠ ಹೇಳಿದವರು. ಯಾರನ್ನು ಆರಿಸಬೇಕೆಂದು ಪದಾಧಿಕಾರಿಗಳು ನಮ್ಮನ್ನು ಕೇಳಿದರು. ಖಸೀಮ್ ಪ್ರಾಂತ್ಯದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರದ ಪರಿಚಯವಾಗುವುದು ವಾರಕ್ಕೆ ಈ ಒಂದೇ ಗಂಟೆ. ಆದುದರಿಂದ ಪ್ರಶ್ನೆ ಸಣ್ಣದಲ್ಲ.

ಔಷಧದ ಗುಣವನ್ನು ನಾವು ವೈದ್ಯರು ರೋಗಿಯಲ್ಲಿ ನೋಡುತ್ತೇವೆಯೇ ಹೊರತು ಸೀಸೆಯ ಚೀಟಿಯಲ್ಲಲ್ಲ. ಶಿಕ್ಷಣರಂಗದಲ್ಲಿಯೂ ಇಂಥ ಪರೀಕ್ಷೆಗಳು ನಡೆದಿವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಲೆಗಳನ್ನು ಕುರಿತು ರಿವ್ಕಿನ್, ಹನುಶೆಕ್ ಮತ್ತು ಕೇನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರಿಂದ ಶಿಕ್ಷಕರಿಗೆ ಫಲದಲ್ಲಿ ಬಹಳ ಅಂತರ ಕಂಡಿತು. ಆದರೆ ಸ್ನಾತಕೋತ್ತರ ಪದವಿ ಆ ಅಂತರಕ್ಕೆ ಕಾರಣವಾಗಿರಲಿಲ್ಲ. ವೃತ್ತಿಯ ಮೊದಲ ಕೆಲವು ವರ್ಷಗಳ ಅನುಭವ ಮಾತ್ರ ಫಲ ಕೊಟ್ಟಿತ್ತು. ಉತ್ತರ ಕ್ಯಾರೊಲಿನಾ ರಾಜ್ಯವು 2013ರ ಕಾಯಿದೆಯ ಮೂಲಕ ಇಂಥ ಪದವಿಗೆ ಹೊಸದಾಗಿ ಹೆಚ್ಚುವರಿ ಸಂಬಳ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಒಂದು ಅಪವಾದವುಂಟು: ಪ್ರೌಢಶಾಲೆಯ ಗಣಿತದಲ್ಲಿ, ಗಣಿತದಲ್ಲಿಯೇ ಉನ್ನತ ಪದವಿ ಪಡೆದವರ ವಿದ್ಯಾರ್ಥಿಗಳು ಮುಂದಿದ್ದರೆಂದು 1990ರ ದಶಕದ ಅಧ್ಯಯನವೊಂದು ತೋರಿಸಿತು.

ನಮ್ಮ ನೆರೆಯ ಆಂಧ್ರದ ಅನುಭವ ಇನ್ನೂ ಬೋಧಪ್ರದ. ಅಲ್ಲಿನ ಗ್ರಾಮೀಣ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮುರಳೀಧರನ್ ಮತ್ತು ಸುಂದರರಾಮನ್ ನಡೆಸಿದ ಪ್ರಯೋಗದ ವರದಿ 2011ರಲ್ಲಿ ಪ್ರಕಟವಾಯಿತು. ಸಾಮಾನ್ಯ ಶಾಲೆಗಳಲ್ಲಿ ಶಿಕ್ಷಕರ ತರಬೇತಿಯಿಂದ ಹೆಚ್ಚಿನ ಫಲ ಕಾಣಲಿಲ್ಲ. ಮಕ್ಕಳ ಪ್ರಗತಿಗೆ ತಕ್ಕಂತೆ ಬೋನಸ್ ಕೊಟ್ಟ ಶಾಲೆಗಳಲ್ಲಿ ಮಾತ್ರ ಹೆಚ್ಚು ತರಬೇತಿ ಪಡೆದವರು ಮುಂದಾದರು. ಎಂದರೆ ಪದವಿ ನಿರರ್ಥಕವಲ್ಲ. ಅದು ಬಿತ್ತನೆಯ ಬೀಜ, ಮಳೆಯಿಲ್ಲದೆ ಮೊಳೆಯದು.

ನಮ್ಮಲ್ಲಿ ಕೊರತೆ ಎಲ್ಲಿದೆ? ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ನಿಂತು ಕಲಿಯುವ ಅವಧಿಯೂ ಹೆಚ್ಚಿತು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು ವಿಷಯಜ್ಞಾನವನ್ನೂ ಬೋಧನಕ್ರಮವನ್ನೂ ನಾಲ್ಕು ವರ್ಷಗಳ ಒಂದೇ ಪದವಿಯಲ್ಲಿ ಬೆಸೆಯಿತು. ಆದರೆ ಬಡ್ತಿಗಾಗಿ ಸಂಜೆಯ ವೇಳೆ ಓದಿ ಪಡೆದ ಪದವಿ ಕಡತಕ್ಕೆ ಸೇರಿದೊಡನೆ ತರಗತಿ ಬದಲಾಗುವುದಿಲ್ಲ.

ಎಂ.ಬಿ.ಬಿ.ಎಸ್. ಮುಗಿಸಿ ಹೊರದೇಶದ ಆಸ್ಪತ್ರೆಗೆ ರೆಸಿಡೆಂಟ್ ಆಗಿ ಸೇರಿದಾಗ ನಮ್ಮ ಪದವಿಪತ್ರವನ್ನು ಯಾವ ರೋಗಿಯೂ ಕೇಳಲಿಲ್ಲ. ಹಿರಿಯ ವೈದ್ಯರು ಹಾಸಿಗೆಯ ಪಕ್ಕದಲ್ಲಿ ನಿಂತು ನಮ್ಮ ಕೈಯನ್ನು ನೋಡಿದರು, ತಪ್ಪಿದಲ್ಲಿ ತಡೆದರು. ನಾವು ವೈದ್ಯರಾದದ್ದು ಅಲ್ಲಿ. ಶಿಕ್ಷಕರ ತರಗತಿಯ ಹಿಂದಿನ ಬೆಂಚಿನಲ್ಲಿ ಹೀಗೆ ಕುಳಿತು ನೋಡುವವರು ವಿರಳ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಇಬ್ಬರೂ ಒಂದೊಂದು ಶುಕ್ರವಾರ ಪಾಠ ಮಾಡಲಿ. ಕೂಟದ ಹಿರಿಯರಿಬ್ಬರು ಹಿಂದೆ ಕುಳಿತು ನೋಡಲಿ. ಆಯ್ಕೆಯಾದವರ ಮೊದಲ ದಿನ ಪ್ರತಿ ಮಗುವಿನಿಂದಲೂ ಒಂದು ಪುಟ ಓದಿಸಿ, ತಡವರಿಸಿದ ಪದಗಳನ್ನು ಎಣಿಸಿ ಬರೆದಿಡಿ. ಮೂರು ತಿಂಗಳ ಬಳಿಕ ಅಷ್ಟೇ ಕಠಿಣವಾದ ಇನ್ನೊಂದು ಪುಟ ಓದಿಸಿ. ಎಂ.ಎಡ್. ಇದ್ದವರು ಗೆದ್ದರೆ ಸಂತೋಷ, ಇಲ್ಲದವರು ಗೆದ್ದರೂ ಸಂತೋಷ. ಊರಿನ ಅಜ್ಜಿಗೆ ಮೊಮ್ಮಗಳು ತನ್ನ ಕೈಯಾರೆ ಬರೆದ ನಾಲ್ಕು ಸಾಲು ಕನ್ನಡ ತಲುಪಬೇಕು, ಅಷ್ಟೆ.