ಎರೆಹುಳು ಅರಗಿಸಿಕೊಳ್ಳಲಾರದ್ದು

ಎರೆಹುಳು ರೈತನ ಮಿತ್ರನೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಈಗ ಅದು ಪಟ್ಟಣದ ಗೃಹಿಣಿಯ ಮಿತ್ರನೂ ಆಗಿದೆ. ಅಡುಗೆಮನೆಯ ಕಸವನ್ನು ತೊಟ್ಟಿಗೆ ಸುರಿದು ಒಂದು ಹಿಡಿ ಹುಳು ಬಿಟ್ಟರೆ ಸಕಲ ಕಲ್ಮಷವೂ ಕಳೆದು ಕರಿಯ ಗೊಬ್ಬರವಾಗುವುದೆಂದು ಅನೇಕರ ನಂಬಿಕೆ. ಅದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ವಿಚಾರಿಸದೆ ಆ ಗೊಬ್ಬರವನ್ನು ಸೊಪ್ಪಿನ ಮಡಿಗೆ ಹರಡುವುದು ಕ್ಷೇಮವಲ್ಲ.

ಕಸದಲ್ಲಿ ಅಡಗಿರುವ ಕೇಡುಗಳಲ್ಲಿ ಜೀವವುಳ್ಳವು ಕೆಲವು. ರೋಗಾಣು, ಜಂತುವಿನ ಮೊಟ್ಟೆ, ಕಳೆಯ ಬೀಜ ಇಂಥವು. ಇವಕ್ಕೆ ಮದ್ದು ತಿಪ್ಪೆಯ ಕಾವು. ಕೊಳೆಸುವ ಸೂಕ್ಷ್ಮಜೀವಿಗಳಿಂದಲೇ ರಾಶಿ ಬಿಸಿಯೇರುತ್ತದೆ; 55 ಡಿಗ್ರಿ ಸೆಲ್ಸಿಯಸ್ ಕಾವು ಕೆಲವು ದಿನ ನಿಂತರೆ ಬಹುಪಾಲು ರೋಗಾಣುಗಳು ಅಳಿಯುತ್ತವೆ. ಅಂಚು ತಣ್ಣಗಿರುವುದರಿಂದ ರಾಶಿಯನ್ನು ಆಗಾಗ ಮಗುಚಬೇಕು. ಈ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟು. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮುಚ್ಚಿ, ತಿಂಗಳುಗಟ್ಟಲೆ ಕೊಳೆಯಿಸುವ ಕ್ರಮವನ್ನು ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ್ದು ಇಲ್ಲಿಯೇ. ಅದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಯಿತು.

ಎರೆಹುಳುವಾದರೋ 35 ಡಿಗ್ರಿಯ ಆಚೆಗಿನ ಕಾವನ್ನು ತಾಳದು. ಆದ್ದರಿಂದ ಮೊದಲು ಕಾವು. ತಣಿದ ಮೇಲೆ ಹುಳು. ಮನೆಯ ಚಿಕ್ಕ ತೊಟ್ಟಿ ಅಷ್ಟು ಬಿಸಿಯಾಗುವುದೇ ಅಪರೂಪ. ನಾಯಿ ಬೆಕ್ಕುಗಳ ಮಲವನ್ನು ಅದಕ್ಕೆ ಹಾಕದಿರುವುದೇ ಲೇಸು.

ಸೀಸ, ಕ್ಯಾಡ್ಮಿಯಮ್, ಪಾದರಸಗಳ ಕಥೆ ಬೇರೆ. ಇವು ಮೂಲಧಾತುಗಳು, ಕೊಳೆಯುವುದೆಂತು? ಕೊಳೆತ ಕಸದ ಹೆಚ್ಚು ಭಾಗ ಅಂಗಾರಾಮ್ಲ ವಾಯುವಾಗಿ, ನೀರಾವಿಯಾಗಿ ಹಾರಿಹೋಗುತ್ತದೆ. ಸೀಸ ಮಾತ್ರ ಅಲ್ಲಿಯೇ ಕುಳಿತಿರುತ್ತದೆ. ರಾಶಿಯ ತೂಕ ಅರ್ಧಕ್ಕಿಳಿದರೆ ಕಿಲೋ ಒಂದಕ್ಕೆ ಸೀಸದ ಪ್ರಮಾಣ ಇಮ್ಮಡಿಯಾಯಿತೆಂದೇ ಲೆಕ್ಕ! ಎರೆಹುಳು ಕ್ಯಾಡ್ಮಿಯಮ್ಮನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವುದುಂಟು. ಆದರೆ ಅದು ಅಲ್ಲಿಯೇ ಸತ್ತರೆ ವಿಷ ಮರಳಿ ಗೊಬ್ಬರಕ್ಕೆ. ಹಕ್ಕಿ ಹೆಕ್ಕಿ ತಿಂದರೆ ಹಕ್ಕಿಯ ಒಡಲಿಗೆ. ಪಕ್ವವಾದ ಗೊಬ್ಬರವು ಲೋಹವನ್ನು ಹಿಡಿದಿಟ್ಟು ಬೇರಿಗೆ ಸುಲಭವಾಗಿ ದಕ್ಕದಂತೆ ಮಾಡಬಲ್ಲದು; ಅದು ಸೆರೆಯೇ ಹೊರತು ಮರಣವಲ್ಲ.

ಈ ಕಾರಣದಿಂದಲೇ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ನಗರ ಕಾಂಪೋಸ್ಟಿಗೆ ಮಿತಿ ಗೊತ್ತುಮಾಡಿದ್ದಾರೆ. ಕಿಲೋಗ್ರಾಮಿಗೆ ಸೀಸ 100 ಮಿಲಿಗ್ರಾಮ್, ಕ್ಯಾಡ್ಮಿಯಮ್ 5 ಮಿಲಿಗ್ರಾಮ್ ಮೀರಕೂಡದು. ನಮ್ಮ ಮನೆಯ ತೊಟ್ಟಿಗೆ ಪರೀಕ್ಷಕರು ಬರುವವರಲ್ಲ. ಅಲ್ಲಿ ಪರೀಕ್ಷೆ ಮನೆಯವರದೇ. ಗಡಿಯಾರದ ಸವೆದ ಸೆಲ್ಲು, ಗೋಡೆಯಿಂದುದುರಿದ ಹಳೆಯ ಬಣ್ಣದ ಚಕ್ಕೆ, ಒಡೆದ ಟ್ಯೂಬ್‌ಲೈಟು, ಇವು ಸಿಪ್ಪೆಯ ಬುಟ್ಟಿಗೆ ಬೀಳದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ಕಿನ ಚೂರನ್ನು ಆಮೇಲೆ ಜರಡಿ ಹಿಡಿದು ತೆಗೆಯಬಹುದು. ಗೊಬ್ಬರದಲ್ಲಿ ಬೆರೆತ ಸೀಸಕ್ಕೆ ಜರಡಿಯಿಲ್ಲ.